ಒಗ್ಗರಣೆಗೂ ಒಂದು ವಿದೇಶಾಂಗ ನೀತಿ

ದೇಶ ದೇಶಗಳ ನಡುವಿನ ಸ್ನೇಹ, ವೈರ, ಒಪ್ಪಂದ, ಒಡಕುಗಳನ್ನು ನಾವು ಹಳ್ಳಿಯವರು ಸಾಮಾನ್ಯವಾಗಿ ದೊಡ್ಡವರ ವ್ಯವಹಾರವೆಂದು ಬದಿಗಿಡುತ್ತೇವೆ. ಟಿ.ವಿ.ಯಲ್ಲಿ ಇಬ್ಬರು ಪ್ರಧಾನಿಗಳು ಕೈಕುಲುಕುವುದು ಕಂಡರೆ ಚಾನೆಲ್ ಬದಲಿಸುತ್ತೇವೆ. ಆದರೆ ಹಾಗೆ ಕೈಕುಲುಕಿದ್ದರ ಪರಿಣಾಮ ಕೆಲವೇ ತಿಂಗಳಲ್ಲಿ ನಮ್ಮ ಬಾಣಲೆಗೂ ನಮ್ಮ ಹೊಲಕ್ಕೂ ಬಂದು ಮುಟ್ಟುತ್ತದೆ. ಇದನ್ನು ನಾವು ಪುಸ್ತಕ ಓದಿ ತಿಳಿದದ್ದಲ್ಲ. ಶೇಂಗಾ ಬೆಳೆದು, ಶೇಂಗಾ ಮಾರಿ, ಕೊನೆಗೆ ತಾಳೆ ಎಣ್ಣೆಯ ಪಾಕೀಟು ಒಡೆದು ಒಗ್ಗರಣೆ ಹಾಕಿ ತಿಳಿದದ್ದು.

ನಮ್ಮೂರು ರಾಂಪುರ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕು. ಬಳ್ಳಾರಿಯಿಂದ ಚಳ್ಳಕೆರೆ, ಹಿರಿಯೂರಿನ ಕಡೆಗೆ ಹೋಗುವ ಹೆದ್ದಾರಿ ಊರನ್ನು ತಾಗಿಕೊಂಡೇ ಹೋಗುತ್ತದೆ. ಆ ಕಡೆ ಹೊರಳಿದರೆ ಆಂಧ್ರದ ರಾಯದುರ್ಗ ಸೀಮೆ. ಸಂತೆಯಲ್ಲಿ ಕನ್ನಡ, ತೆಲುಗು, ನಮ್ಮ ಮನೆಮಾತಿನ ಉರ್ದು ಮೂರೂ ಒಂದೇ ಚೌಕಾಸಿಯಲ್ಲಿ ಬಂದುಹೋಗುತ್ತವೆ. ಮಳೆ ಮಾತ್ರ ಯಾವ ಭಾಷೆಗೂ ಬಗ್ಗುವುದಿಲ್ಲ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳನ್ನು ಹೆಸರಿಸಿದರೆ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಅದರಲ್ಲಿರುತ್ತವೆ. ವರ್ಷಕ್ಕೆ 500 ಮಿ.ಮೀ. ಆಸುಪಾಸು ಬಿದ್ದರೆ ಒಳ್ಳೆಯ ವರ್ಷವೆಂದು ಲೆಕ್ಕ. ಕೆಂಪು ಮಸಾರಿ ನೆಲ, ಕಲ್ಲುಗುಡ್ಡ, ಜಾಲಿ. ಇಂಥ ನೆಲಕ್ಕೆ ಹೊಂದಿಕೊಂಡ ಬೆಳೆ ಶೇಂಗಾ.

ನಮ್ಮ ಮನೆಗೆ ಏಳು ಎಕರೆ ಮಳೆಯಾಶ್ರಿತ ಹೊಲ ಮತ್ತು ರಸ್ತೆಗೆ ಮುಖಮಾಡಿದ ಒಂದು ಸಣ್ಣ ಕಿರಾಣಿ ಅಂಗಡಿ. ಹೊಲವನ್ನು ಇಬ್ಬರು ತಮ್ಮಂದಿರು ನೋಡಿಕೊಂಡರೆ, ಅಂಗಡಿಯಲ್ಲಿ ಅಣ್ಣ ಕೂರುತ್ತಾರೆ. ಹೀಗಾಗಿ ಎಣ್ಣೆಯ ವ್ಯವಹಾರದಲ್ಲಿ ನಾವು ಎರಡೂ ಕಡೆಯ ಕಕ್ಷಿದಾರರು. ಎಣ್ಣೆಯ ಬೆಲೆ ಇಳಿದರೆ ಹೊಲದ ಕಡೆಯವರ ಮುಖ ಬಾಡುತ್ತದೆ. ಏರಿದರೆ ಅಂಗಡಿಯ ಕಟ್ಟೆಯ ಮೇಲೆ ಗಿರಾಕಿಗಳ ಬೈಗುಳ. ಒಂದೇ ದಸ್ತರಖಾನಿನ ಮೇಲೆ ಕೂತು ಉಣ್ಣುವ ಮೂವರಿಗೆ ಒಂದೇ ಸುದ್ದಿ ಎರಡು ಬಗೆಯಾಗಿ ಕೇಳಿಸುತ್ತದೆ. ದೇಶದ ಎಣ್ಣೆ ನೀತಿಯ ಕಷ್ಟವೂ ಹೆಚ್ಚುಕಡಿಮೆ ಇದೇ.

ನಮ್ಮ ದಾದಾ ಶೇಂಗಾ ಚೀಲಗಳನ್ನು ಎತ್ತಿನ ಗಾಡಿಗೆ ಹೇರಿ ಚಳ್ಳಕೆರೆಗೆ ಒಯ್ಯುತ್ತಿದ್ದರು. ಆಗ ಚಳ್ಳಕೆರೆಗೆ ಎಣ್ಣೆಯ ವ್ಯಾಪಾರದಲ್ಲಿ ಎರಡನೇ ಮುಂಬೈ ಎಂಬ ಹೆಸರು. ಇಂದಿಗೂ ಜನ ಅದನ್ನು ತೈಲನಗರಿ ಎಂದೇ ಕರೆಯುತ್ತಾರೆ. ಊರು ಪ್ರವೇಶಿಸುವ ಮೊದಲೇ ಹುರಿದ ಶೇಂಗಾದ ವಾಸನೆ ಮೂಗಿಗೆ ಬಡಿಯುತ್ತಿತ್ತು ಎಂದು ಅವರು ಹೇಳುತ್ತಿದ್ದರು. ಮಿಲ್ಲುಗಳ ಸುತ್ತ ಹಮಾಲರು, ಗಾಡಿಯವರು, ದಲ್ಲಾಲರು, ಚೀಲ ಹೊಲಿಯುವವರು, ಹಿಂಡಿ ಕೊಳ್ಳಲು ಬಂದ ದನಗಾಹಿಗಳು. ಒಂದು ಕಾಳಿನ ಮೇಲೆ ಒಂದು ಸೀಮೆಯೇ ಬದುಕಿತ್ತು. ಶೇಂಗಾ ಎಣ್ಣೆ ಬಿಟ್ಟರೆ ಬೇರೆ ಎಣ್ಣೆಯಲ್ಲಿ ಅಡುಗೆ ಮಾಡಬಹುದು ಎಂಬ ಕಲ್ಪನೆಯೇ ದಾದಿಗೆ ಇರಲಿಲ್ಲ.

ಅಬ್ಬಾ ಅವರ ಕಾಲಕ್ಕೆ ಬರುವಾಗ ದೇಶಕ್ಕೆ ಎಣ್ಣೆಯ ಕೊರತೆ ದೊಡ್ಡ ತಲೆನೋವಾಗಿತ್ತು. ಹೊರಗಿನಿಂದ ಎಣ್ಣೆ ತರಿಸಲು ಅಮೂಲ್ಯ ವಿದೇಶಿ ವಿನಿಮಯ ಕರಗುತ್ತಿತ್ತು. 1986ರಲ್ಲಿ ರಾಜೀವ್ ಗಾಂಧಿ ಸರಕಾರ ಎಣ್ಣೆಬೀಜಗಳ ತಂತ್ರಜ್ಞಾನ ಮಿಷನ್ ಆರಂಭಿಸಿತು. ಬೀಜ, ಗೊಬ್ಬರ, ಖರೀದಿ, ಸಂಸ್ಕರಣೆ ಎಲ್ಲವನ್ನೂ ಒಂದೇ ಸೂರಿನಡಿ ನೋಡುವ ಪ್ರಯತ್ನವದು. ಹಾಲಿನ ಕ್ರಾಂತಿ ಮಾಡಿದ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ 'ಧಾರಾ' ಎಂಬ ಹೆಸರಿನಲ್ಲಿ ಎಣ್ಣೆ ಮಾರುಕಟ್ಟೆಗೆ ತಂದಿತು. ಆಮದಿನ ಹತೋಟಿ ಸರಕಾರದ ಕೈಯಲ್ಲಿತ್ತು. ಫಲಿತಾಂಶ ಏನಾಯಿತು? 90ರ ದಶಕದ ಆರಂಭದಲ್ಲಿ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಶೇ. 95ಕ್ಕೂ ಹೆಚ್ಚು ಇಲ್ಲಿಯೇ ತಯಾರಾಗುತ್ತಿತ್ತು. ಜನ ಅದನ್ನು ಹಳದಿ ಕ್ರಾಂತಿ ಎಂದು ಕರೆದರು. ನಮ್ಮ ಮನೆಯ ಮಾಳಿಗೆ ತೆಗೆದು ಆರ್‌ಸಿಸಿ ಹಾಕಿಸಿದ್ದು, ಇಬ್ಬರು ಅಕ್ಕಂದಿರ ನಿಕಾಹ್ ಸಾಲವಿಲ್ಲದೆ ನಡೆದದ್ದು ಆ ವರ್ಷಗಳಲ್ಲೇ. ಅಬ್ಬಾ ಅದನ್ನು ಕ್ರಾಂತಿ ಎನ್ನುತ್ತಿರಲಿಲ್ಲ, 'ಬರ್ಕತ್ತಿನ ವರ್ಷಗಳು' ಎನ್ನುತ್ತಿದ್ದರು.

ಆ ಬರ್ಕತ್ತು ಹೆಚ್ಚು ದಿನ ಉಳಿಯಲಿಲ್ಲ. 1991ರಲ್ಲಿ ದೇಶ ತನ್ನ ಚಿನ್ನವನ್ನು ಅಡವಿಟ್ಟು ಸಾಲ ತರಬೇಕಾಯಿತು. ಅದೇ ವರ್ಷ ಸೋವಿಯತ್ ಒಕ್ಕೂಟ ಒಡೆದುಹೋಯಿತು. ದಶಕಗಳ ಕಾಲ ಆತುಕೊಂಡಿದ್ದ ಗೋಡೆ ಕುಸಿದಂತಾಯಿತು. ದಿಲ್ಲಿ ಹೊಸ ಸ್ನೇಹಿತರನ್ನು ಹುಡುಕತೊಡಗಿತು. ಪೂರ್ವದ ದೇಶಗಳ ಕಡೆ ನೋಡಿತು, ಪಶ್ಚಿಮದ ಮಾರುಕಟ್ಟೆಗೂ ಬಾಗಿಲು ತೆರೆಯಿತು. 1994ರಲ್ಲಿ ಪಾಮೊಲಿನ್ ಎಣ್ಣೆಯನ್ನು ಖಾಸಗಿಯವರು ಮುಕ್ತವಾಗಿ ತರಿಸಲು ಅನುಮತಿ ಸಿಕ್ಕಿತು. ಆಗ ಸುಂಕ ಶೇ. 65 ಇತ್ತು. 1998ರ ಹೊತ್ತಿಗೆ ಅದು ಶೇ. 15ಕ್ಕೆ ಇಳಿದಿತ್ತು. 1995ರ ಜನವರಿಯಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತ್ತು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ನಮ್ಮ ಸಭೆ ಸಮಾರಂಭಗಳಲ್ಲಿ ಜಾಗತೀಕರಣವನ್ನೂ ವಿಶ್ವ ವ್ಯಾಪಾರ ಸಂಸ್ಥೆಯನ್ನೂ ಬೈದು ಮುಗಿಸುವುದು ವಾಡಿಕೆ. ಆದರೆ ಆ ಒಪ್ಪಂದದಲ್ಲಿ ತಾಳೆ ಎಣ್ಣೆಯ ಮೇಲೆ ಶೇ. 300ರವರೆಗೂ ಸುಂಕ ಹಾಕುವ ಹಕ್ಕನ್ನು ಭಾರತ ಉಳಿಸಿಕೊಂಡಿತ್ತು. ಸೋಯಾ ಎಣ್ಣೆಗೆ ಮಾತ್ರ ಶೇ. 45ರ ಮಿತಿ. ಅಂದರೆ ತಾಳೆ ಎಣ್ಣೆಯ ಮಟ್ಟಿಗೆ ನಮ್ಮ ಕೈಯನ್ನು ಯಾರೂ ಕಟ್ಟಿರಲಿಲ್ಲ. ಬಾಗಿಲ ಚಿಲಕ ಒಳಗಡೆಯೇ ಇತ್ತು. ತೆರೆದದ್ದು ನಾವೇ ಆರಿಸಿದ ಸರಕಾರಗಳು. ಒಂದು ಪಕ್ಷದ ಸರಕಾರವಲ್ಲ, ಎಲ್ಲ ಪಕ್ಷಗಳ ಸರಕಾರಗಳೂ. ಏಕೆ ತೆರೆದವು? ಪಟ್ಟಣದ ಮತದಾರನಿಗೆ ಅಗ್ಗದ ಎಣ್ಣೆ ಬೇಕಿತ್ತು. ಬಂದರುಗಳ ಪಕ್ಕ ಎದ್ದ ದೊಡ್ಡ ಸಂಸ್ಕರಣಾ ಘಟಕಗಳಿಗೆ ಕಚ್ಚಾ ಎಣ್ಣೆ ಬೇಕಿತ್ತು. ಮಲೇಷ್ಯಾ, ಇಂಡೋನೇಷ್ಯಾಗಳ ಜೊತೆ ವ್ಯಾಪಾರದ ನಂಟು ಬೆಳೆಯಬೇಕಿತ್ತು. ಈ ಮೂರೂ ತಪ್ಪೆಂದು ನಾವು ಹೇಳುವುದಿಲ್ಲ. ಅಗ್ಗದ ಎಣ್ಣೆಯಿಂದ ಬಡವರ ಮನೆಯಲ್ಲೂ ವಾರಕ್ಕೊಮ್ಮೆ ಕರಿದ ತಿಂಡಿ ಸಾಧ್ಯವಾಯಿತು. ನಮ್ಮ ಅಂಗಡಿಯ ಕಟ್ಟೆಯಲ್ಲಿ ಹತ್ತು ರೂಪಾಯಿಗೆ ಎಣ್ಣೆ ಕೇಳುವ ಕೂಲಿ ಹೆಣ್ಣುಮಕ್ಕಳ ಮುಂದೆ ನಿಂತು 'ಆಮದು ನಿಲ್ಲಿಸಿ' ಎಂದು ಭಾಷಣ ಮಾಡಲು ನಮಗೆ ನಾಲಿಗೆ ಬರುವುದಿಲ್ಲ. ಆದರೆ ಈ ಅಗ್ಗದ ಬೆಲೆಯ ಉಳಿದ ಭಾಗವನ್ನು ಯಾರು ತೆತ್ತರು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಒಂದು ಸರಳ ಲೆಕ್ಕ ನೋಡಿ. ಒಂದು ಕ್ವಿಂಟಾಲ್ ಶೇಂಗಾ ಕಾಯಿ ಸುಲಿದರೆ ಸುಮಾರು 70 ಕೆ.ಜಿ. ಬೀಜ. ಅದನ್ನು ಮಿಲ್ಲಿಗೆ ಹಾಕಿದರೆ ಹೆಚ್ಚೆಂದರೆ 28-30 ಕೆ.ಜಿ. ಎಣ್ಣೆ, ಉಳಿದದ್ದು ಹಿಂಡಿ. 2025-26ರ ಮುಂಗಾರಿಗೆ ಕೇಂದ್ರ ಸರಕಾರ ಶೇಂಗಾಕ್ಕೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 7,263 ರೂಪಾಯಿ. ರೈತನಿಗೆ ಇಷ್ಟು ನಿಜವಾಗಿ ಸಿಗಬೇಕಾದರೆ, ಹಿಂಡಿ ಮಾರಿದ ಹಣ ಕಳೆದರೂ, ಮಿಲ್ಲಿನವನ ಖರ್ಚು ಸೇರಿಸದೆಯೇ ಎಣ್ಣೆಯ ಅಸಲು ಕೆ.ಜಿ.ಗೆ ಇನ್ನೂರರ ಆಸುಪಾಸಿಗೆ ಬರುತ್ತದೆ. ಪಕ್ಕದ ಕಪಾಟಿನಲ್ಲಿ ತಾಳೆ ಎಣ್ಣೆಯ ಪಾಕೀಟು ಅದಕ್ಕಿಂತ ಎಷ್ಟೋ ಕಡಿಮೆ ಬೆಲೆಗೆ ಕೂತಿರುತ್ತದೆ. ಗಿರಾಕಿ ಯಾವುದಕ್ಕೆ ಕೈಹಾಕುತ್ತಾನೆ? ಹೊಲದಲ್ಲಿ ಶೇಂಗಾ ಬೆಳೆದ ನಾವೇ ಮನೆಗೆ ಯಾವುದನ್ನು ಒಯ್ಯುತ್ತೇವೆ? ಉತ್ತರ ಎಲ್ಲರಿಗೂ ಗೊತ್ತು. ಇಂದು ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುತ್ತದೆ, ವರ್ಷಕ್ಕೆ ಸುಮಾರು 160 ಲಕ್ಷ ಟನ್. ತಾಳೆ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾಗಳಿಂದ. ಸೋಯಾ ಅರ್ಜೆಂಟೀನಾ, ಬ್ರೆಜಿಲ್‌ಗಳಿಂದ. ಸೂರ್ಯಕಾಂತಿ ರಷ್ಯಾ, ಉಕ್ರೇನ್‌ಗಳಿಂದ. ಚಳ್ಳಕೆರೆಯ ಎಷ್ಟೋ ಮಿಲ್ಲುಗಳ ಚಿಮಣಿ ತಣ್ಣಗಾಗಿವೆ.

ಹೀಗೆ ಬಾಣಲೆ ಹೊರಗಿನವರ ಕೈಗೆ ಹೋದಮೇಲೆ ಅಂತಾರಾಷ್ಟ್ರೀಯ ರಾಜಕೀಯವೂ ಅದರೊಳಗೆ ಬಂತು. 2019ರ ಸೆಪ್ಟೆಂಬರ್‌ನಲ್ಲಿ ಮಲೇಷ್ಯಾದ ಅಂದಿನ ಪ್ರಧಾನಿ ಮಹಾತೀರ್ ಮುಹಮ್ಮದ್ ವಿಶ್ವಸಂಸ್ಥೆಯಲ್ಲಿ ಕಾಶ್ಮೀರದ ಬಗ್ಗೆ ಭಾರತವನ್ನು ಟೀಕಿಸಿದರು. ದಿಲ್ಲಿ ಸಿಟ್ಟಾಯಿತು. 2020ರ ಜನವರಿ 8ರಂದು ಸಂಸ್ಕರಿಸಿದ ತಾಳೆ ಎಣ್ಣೆಯ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸುವ ಅಧಿಸೂಚನೆ ಹೊರಬಿತ್ತು. ಅದರಲ್ಲಿ ಮಲೇಷ್ಯಾದ ಹೆಸರಿರಲಿಲ್ಲ. ಆದರೆ ಪೆಟ್ಟು ಯಾರಿಗೆಂದು ಎಲ್ಲರಿಗೂ ತಿಳಿದಿತ್ತು.

ಆ ವಾರ ನಮ್ಮ ಅಂಗಡಿಗೆ ಬಂದ ಪರಿಚಯದ ಹಿರಿಯರೊಬ್ಬರು ಅಣ್ಣನನ್ನು ಕೇಳಿದರು: "ಏನ್ ಸಾಬ್ರೇ, ನಿಮ್ ಮಲೇಷ್ಯಾದೋರು ಹಿಂಗಂದ್ರಂತಲ್ಲ! ಇನ್ನ ನಿಮ್ ಅಂಗ್ಡೀಲಿ ಎಣ್ಣೆ ಸಿಗುತ್ತೋ ಇಲ್ವೋ?"

ಅಣ್ಣ ತಕ್ಕಡಿ ಸರಿಮಾಡುತ್ತಾ ಹೇಳಿದರು: "ಗೌಡ್ರೇ, ಮಲೇಷ್ಯಾ ಯಾವ್ ದಿಕ್ಕಿಗೈತೆ ಅಂತ ನಂಗೂ ಗೊತ್ತಿಲ್ಲ. ಆ ಮನುಷ್ಯನ ಮಾತಿಂದ ನಿಮ್ ಶೇಂಗಾಕ್ಕೆ ಕ್ವಿಂಟಾಲಿಗೆ ಐನೂರು ಏರಿದ್ರೆ ಹೇಳಿ, ಇಬ್ರೂ ಸೇರಿ ಅವ್ರಿಗೊಂದು ಕಾಗ್ದ ಬರೆಯಾನ."

ಇಬ್ಬರೂ ನಕ್ಕರು, ಚಹಾ ಕುಡಿದರು. ಆ ಹಿರಿಯರು ಕೆಟ್ಟವರಲ್ಲ. ನಮ್ಮ ಹೊಲದ ಬದುವಿಗೆ ಬದು ಹಚ್ಚಿದವರು, ಅಬ್ಬಾ ತೀರಿಕೊಂಡಾಗ ಮಣ್ಣಿಗೆ ಬಂದವರು. ಆದರೂ 'ನಿಮ್ಮ' ಎಂಬ ಆ ಒಂದು ಮಾತು ಬಹಳ ದಿನ ನಮ್ಮ ಕಿವಿಯಲ್ಲಿ ಉಳಿಯಿತು. ಐದು ತಲೆಮಾರು ಒಂದೇ ಬಾವಿಯ ನೀರು ಕುಡಿದವರು ದೂರದ ಒಬ್ಬ ಪ್ರಧಾನಿಯ ಭಾಷಣಕ್ಕೆ ಜವಾಬು ಕೊಡಬೇಕಾದ ಕಾಲ ಬಂತಲ್ಲ ಎನಿಸಿತು.

ಆ ಅಧಿಸೂಚನೆಯಿಂದ ಲಾಭ ಯಾರಿಗಾಯಿತು? ತಡೆ ಹಾಕಿದ್ದು ಸಂಸ್ಕರಿಸಿದ ಎಣ್ಣೆಗೆ. ಕಚ್ಚಾ ತಾಳೆ ಎಣ್ಣೆಗೆ ತಡೆಯಿರಲಿಲ್ಲ. ಇಂಡೋನೇಷ್ಯಾದಿಂದ ಅದು ಬರುತ್ತಲೇ ಇತ್ತು. ನಮ್ಮ ಬಂದರುಗಳ ಸಂಸ್ಕರಣಾ ಘಟಕಗಳಿಗೆ ಕೆಲಸ ಹೆಚ್ಚಿತು. ಶೇಂಗಾ ಬೆಳೆಗಾರನಿಗೆ ಆ ಜಗಳದಿಂದ ಒಂದು ಚೀಲದಷ್ಟೂ ಬಲ ಬರಲಿಲ್ಲ. ಫೆಬ್ರವರಿಯಲ್ಲಿ ಮಹಾತೀರ್ ಅಧಿಕಾರ ಬಿಟ್ಟರು. ಮೇ ತಿಂಗಳಲ್ಲಿ ಮಲೇಷ್ಯಾ ಭಾರತದಿಂದ ಒಂದು ಲಕ್ಷ ಟನ್ ಅಕ್ಕಿ ಕೊಳ್ಳಲು ಮುಂದಾಯಿತು; ಇಲ್ಲಿಯ ವ್ಯಾಪಾರಿಗಳು ಮತ್ತೆ ಅಲ್ಲಿಯ ಎಣ್ಣೆ ಕೊಳ್ಳತೊಡಗಿದರು. 2024ರ ಆಗಸ್ಟ್‌ನಲ್ಲಿ ಮಲೇಷ್ಯಾದ ಪ್ರಧಾನಿ ಅನ್ವರ್ ಇಬ್ರಾಹಿಂ ದಿಲ್ಲಿಗೆ ಬಂದಾಗ ಎರಡೂ ದೇಶಗಳು ತಮ್ಮ ನಂಟನ್ನು ಸಮಗ್ರ ವ್ಯೂಹಾತ್ಮಕ ಪಾಲುದಾರಿಕೆಯ ಮಟ್ಟಕ್ಕೆ ಏರಿಸಿದವು. ಜಗಳ ಮಾಡಿದವರು ರಾಜಿಯಾದರು. ನಮ್ಮ ಅಂಗಡಿಯ ಕಟ್ಟೆಯಲ್ಲಿ ಬಿದ್ದ ಮಾತು ಮಾತ್ರ ಹಾಗೆಯೇ ಉಳಿಯಿತು.

ಧರ್ಮ ಒಂದೇ ಆದಮಾತ್ರಕ್ಕೆ ರಾಜ್ಯಗಳ ಹಿತ ಒಂದೇ ಆಗುತ್ತದೆ ಎಂದು ನಂಬುವವರು ನಮ್ಮಲ್ಲೂ ಇದ್ದಾರೆ, ನಮ್ಮ ಬಗ್ಗೆ ಹಾಗೆ ಅನುಮಾನಿಸುವವರೂ ಇದ್ದಾರೆ. ಇಬ್ಬರೂ ಚರಿತ್ರೆಯನ್ನು ಓದಿದರೆ ಒಳಿತು. 1780ರ ದಶಕದಲ್ಲಿ ಟಿಪ್ಪು ಸುಲ್ತಾನ್ ಇಸ್ತಾಂಬುಲಿಗೆ ದೊಡ್ಡ ರಾಯಭಾರವನ್ನೇ ಕಳಿಸಿದ್ದರು. ಇಂಗ್ಲಿಷರ ವಿರುದ್ಧ ತುರ್ಕಿಯ ಸುಲ್ತಾನರ ನೆರವು ಸಿಕ್ಕೀತೆಂಬ ಆಸೆ. ಆದರೆ ತುರ್ಕಿಗೆ ಆಗ ರಷ್ಯಾದ ಭಯವಿತ್ತು, ಇಂಗ್ಲೆಂಡಿನ ಸ್ನೇಹ ಬೇಕಿತ್ತು. 1798ರಲ್ಲಿ ಅಲ್ಲಿಂದ ಬಂದದ್ದು ಸೈನ್ಯವಲ್ಲ, ಫ್ರೆಂಚರ ಸಹವಾಸ ಬಿಟ್ಟು ಇಂಗ್ಲಿಷರೊಡನೆ ಶಾಂತಿಯಿಂದಿರಿ ಎಂಬ ಬುದ್ಧಿಮಾತಿನ ಪತ್ರ. ಅದೂ ಇಂಗ್ಲಿಷರ ಕೈಯಿಂದಲೇ! ಮರುವರ್ಷ ಶ್ರೀರಂಗಪಟ್ಟಣ ಬಿತ್ತು. ಆ ಯುದ್ಧದಲ್ಲಿ ಹೈದರಾಬಾದಿನ ನಿಜಾಮರ ಸೈನ್ಯ ಇಂಗ್ಲಿಷರ ಜೊತೆಗಿತ್ತು. ಮೈತ್ರಿಯ ಲೆಕ್ಕದಲ್ಲಿ ಕಲಿಮಾ ಒಂದು ಕಡೆ, ಖಜಾನೆ ಇನ್ನೊಂದು ಕಡೆ. ಇದು ಅಂದೂ ನಿಜ, ಇಂದೂ ನಿಜ.

2022ರಲ್ಲಿ ಇದು ಮತ್ತೊಮ್ಮೆ ಕಂಡಿತು. ಫೆಬ್ರವರಿ 24ರಂದು ರಷ್ಯಾ ಉಕ್ರೇನ್ ಮೇಲೆ ದಂಡೆತ್ತಿ ಹೋಯಿತು. ಅಲ್ಲಿಯವರೆಗೆ ನಮ್ಮ ದೇಶಕ್ಕೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಉಕ್ರೇನಿನದು. ಕಪ್ಪು ಸಮುದ್ರದಲ್ಲಿ ಹಡಗು ನಿಂತವು, ರಾಂಪುರದಲ್ಲಿ ಲೀಟರಿಗೆ ಇನ್ನೂರು ರೂಪಾಯಿ ಮುಟ್ಟಿತು. ಜನ ತಾಳೆ ಎಣ್ಣೆಗೆ ತಿರುಗಿದರು. ಏಪ್ರಿಲ್ 28ರಂದು ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತನ್ನೇ ನಿಲ್ಲಿಸಿತು. ಅದು ರಮಝಾನಿನ ಕೊನೆಯ ವಾರ. ತಮ್ಮ ಜನರಿಗೆ ಹಬ್ಬದ ಅಡುಗೆಗೆ ಎಣ್ಣೆ ಕೈಗೆಟುಕಬೇಕೆಂದು ಅಲ್ಲಿಯ ಸರಕಾರ ಬಾಗಿಲು ಹಾಕಿತು. ಇಲ್ಲಿ ನಮ್ಮ ಇಫ್ತಾರಿನ ತಟ್ಟೆಯಲ್ಲಿ ಸಮೋಸಾ ಕಡಿಮೆಯಾಯಿತು. ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ದೇಶಗಳಲ್ಲೊಂದು ಅದು. ಅದರ ಮೇಲೆ ನಮಗೆ ಬೇಸರವಿಲ್ಲ. ತನ್ನ ಮನೆಯ ಮಕ್ಕಳಿಗೆ ಮೊದಲು ಬಡಿಸುವುದು ಎಲ್ಲ ಮನೆಯ ರೂಢಿ. ಮೇ 23ಕ್ಕೆ ಅವರು ಬಾಗಿಲು ತೆರೆದರು. ಮುಂದೆ ರಷ್ಯಾವೇ ನಮಗೆ ಸೂರ್ಯಕಾಂತಿ ಎಣ್ಣೆ ಕೊಡುವ ದೊಡ್ಡ ದೇಶವಾಯಿತು. ಯುದ್ಧ ಮಾಡಿದವರು ಯಾರು, ಕಳಕೊಂಡವರು ಯಾರು, ಎಣ್ಣೆ ಮಾರಿದವರು ಯಾರು! ಬಾಣಲೆಗೆ ಇದೊಂದೂ ತಿಳಿಯದು.

ಆ ವರ್ಷ ನಮ್ಮ ಶೇಂಗಾಕ್ಕೂ ಒಳ್ಳೆಯ ಬೆಲೆಯ ಮಾತು ಕೇಳಿಬಂತು. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಮಳೆಯಾಶ್ರಿತ ರೈತನ ಮನೆಯಲ್ಲಿ ಶೇಂಗಾ ಎಲ್ಲಿರುತ್ತದೆ? ನವೆಂಬರಿನಲ್ಲಿ ಕಿತ್ತ ಕಾಯಿ ಡಿಸೆಂಬರಿಗೆಲ್ಲ ಸಾಲಕ್ಕೆ, ಗೊಬ್ಬರದಂಗಡಿಗೆ, ಮಗಳ ಕಾಲೇಜಿನ ಫೀಸಿಗೆ ಹೋಗಿಯಾಗಿರುತ್ತದೆ. ಬೆಲೆ ಏರುವಾಗ ನಮ್ಮ ಕೈಯಲ್ಲಿ ಕಾಯಿ ಇಲ್ಲ. ಇರುವುದು ಬಿತ್ತನೆ ಬೀಜ ಕೊಳ್ಳುವ ಚಿಂತೆ. ಎಕರೆಗೆ ನಲವತ್ತೈವತ್ತು ಕೆ.ಜಿ. ಬೀಜ ಬೇಕು. ಬೆಲೆ ಏರಿದ ವರ್ಷ ನಾವು ಮಾರುವವರಲ್ಲ, ಕೊಳ್ಳುವವರು!

ಸುಂಕದ ಏರಿಳಿತವೂ ಹೀಗೆಯೇ. 2008ರ ಏಪ್ರಿಲ್‌ನಲ್ಲಿ ಕಚ್ಚಾ ಎಣ್ಣೆಗಳ ಮೇಲಿನ ಸುಂಕ ಸೊನ್ನೆ. 2018ರ ಮಾರ್ಚ್‌ನಲ್ಲಿ ಕಚ್ಚಾ ತಾಳೆ ಎಣ್ಣೆಗೆ ಶೇ. 44, ಸಂಸ್ಕರಿಸಿದ್ದಕ್ಕೆ ಶೇ. 54. ಆಮೇಲೆ ಮತ್ತೆ ಇಳಿಕೆ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಎಣ್ಣೆಯ ಒಟ್ಟು ಸುಂಕ ಶೇ. 5.5ರಿಂದ ಶೇ. 27.5ಕ್ಕೆ ಏರಿತು. ಸದ್ಯ ನಮ್ಮ ಕಡೆಗೂ ಕಣ್ಣು ತೆರೆದರಲ್ಲ ಎಂದು ನಾವು ಸಮಾಧಾನಪಟ್ಟೆವು. 2025ರ ಮೇ 28ರಂದು ಕೇಂದ್ರ ಸಂಪುಟ ಶೇಂಗಾದ ಬೆಂಬಲ ಬೆಲೆಯನ್ನು 480 ರೂಪಾಯಿ ಏರಿಸಿತು. ಸರಿಯಾಗಿ ಎರಡು ದಿನ ಕಳೆದು ಮೇ 30ರಂದು ಕಚ್ಚಾ ಎಣ್ಣೆಯ ಸುಂಕ ಶೇ. 16.5ಕ್ಕೆ ಇಳಿಯಿತು! ಒಂದು ಕೈ ಬಿತ್ತು ಎಂದಿತು, ಇನ್ನೊಂದು ಕೈ ಬಿತ್ತಿದ್ದಕ್ಕೆ ಬೆಲೆ ಇಳಿಸಿತು. ಎರಡೂ ಕೈ ಒಂದೇ ಸರಕಾರದವು. ಅದು ನಮ್ಮಲ್ಲಿ ಕುಂಟೆ ಹೊಡೆದು ಹೊಲ ಹಸನು ಮಾಡಿಕೊಂಡು, ಮಳೆಗಾಗಿ ಮುಗಿಲು ನೋಡುವ ವಾರ.

ಬಾಗಿಲು ಹಾಕಿದರೂ ಕಿಟಕಿ ಇರುತ್ತದೆ. ನಮ್ಮಲ್ಲಿ ಸುಂಕ ಏರಿದಾಗ ನೇಪಾಳದಿಂದ ಸಂಸ್ಕರಿಸಿದ ಸೋಯಾ ಎಣ್ಣೆ ಟ್ಯಾಂಕರುಗಳಲ್ಲಿ ಬರತೊಡಗಿತು. ನೇಪಾಳದಲ್ಲಿ ಅಷ್ಟು ಸೋಯಾ ಎಲ್ಲಿ ಬೆಳೆಯುತ್ತದೆ? ಅದೂ ಹೊರಗಿನ ಕಚ್ಚಾ ಎಣ್ಣೆಯೇ. ದಕ್ಷಿಣ ಏಷ್ಯಾದ ಮುಕ್ತ ವ್ಯಾಪಾರ ಒಪ್ಪಂದದಡಿ ಸುಂಕವಿಲ್ಲದೆ ಗಡಿ ದಾಟುತ್ತದೆ. ನೆರೆಯ ದೇಶದ ಜೊತೆ ಸಂಬಂಧ ಕೆಡಿಸಿಕೊಳ್ಳುವುದು ದಿಲ್ಲಿಗೆ ಸುಲಭವಲ್ಲ. ಪಕ್ಕದಲ್ಲಿ ಚೀನಾ ಕೂತಿದೆ. ಅದು ಅರ್ಥವಾಗುವ ಮಾತು. ಆದರೆ ಆ ನೆರೆಹೊರೆಯ ಪ್ರೀತಿಯ ಖರ್ಚಿನಲ್ಲಿ ಒಂದು ಪಾಲು ಮೊಳಕಾಲ್ಮೂರಿನ ಮಸಾರಿ ಹೊಲದಿಂದ ಹೋಗುತ್ತಿದೆ ಎಂಬುದನ್ನೂ ಯಾರಾದರೂ ಬರೆದಿಡಬೇಕು.

ಇನ್ನೊಂದು ವಿಪರ್ಯಾಸ ನೋಡಿ. ನಮ್ಮ ದೇಶದ ಶೇಂಗಾ ಬೀಜವನ್ನು ಅತಿ ಹೆಚ್ಚು ಕೊಳ್ಳುವ ದೇಶವೂ ಇಂಡೋನೇಷ್ಯಾವೇ. ನಮ್ಮ ಕಾಳು ಅಲ್ಲಿಗೆ, ಅವರ ಎಣ್ಣೆ ಇಲ್ಲಿಗೆ. 2025ರ ಸೆಪ್ಟೆಂಬರ್‌ನಲ್ಲಿ ಬೂಷ್ಟಿನ ವಿಷ ಇದೆಯೆಂದು ಇಂಡೋನೇಷ್ಯಾ ಭಾರತದ ಶೇಂಗಾವನ್ನು ಕೆಲಕಾಲ ತಡೆಹಿಡಿಯಿತು. ಅಫ್ಲಟಾಕ್ಸಿನ್ ಎಂಬ ಆ ವಿಷ ಕಾಯಿ ಸರಿಯಾಗಿ ಒಣಗದಿದ್ದರೆ, ತೇವದಲ್ಲಿ ರಾಶಿ ಹಾಕಿದರೆ ಹುಟ್ಟುತ್ತದೆ. ಒಣಗಿಸಲು ಕಣವಿಲ್ಲದೆ ರಸ್ತೆಯ ಅಂಚಿನಲ್ಲಿ ಕಾಯಿ ಹರಡುವ ಊರುಗಳು ನಮ್ಮವು. ಒಂದು ಊರಿಗೆ ಒಂದು ಸಿಮೆಂಟು ಕಣ, ಒಂದು ಗೋದಾಮು ಕಟ್ಟಿಸಿದರೆ ಅದೂ ವಿದೇಶಾಂಗ ನೀತಿಯ ಕೆಲಸವೇ ಎಂದು ಯಾರಿಗಾದರೂ ಹೊಳೆಯುತ್ತದೆಯೇ?

ರಾಷ್ಟ್ರಶಕ್ತಿಯ ಮಾತು ಬಂದಾಗ ನಮ್ಮ ಸೀಮೆಯ ಹೆಸರು ಈಗ ದೊಡ್ಡದಾಗಿಯೇ ಕೇಳಿಬರುತ್ತದೆ. ಚಳ್ಳಕೆರೆ ತಾಲೂಕಿನ ಅಮೃತ ಮಹಲ್ ಕಾವಲುಗಳಲ್ಲಿ ಸುಮಾರು 10 ಸಾವಿರ ಎಕರೆಯನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಕೊಡಲಾಗಿದೆ. ಕುರಿ ದನ ಮೇಯಿಸುತ್ತಿದ್ದ ಜನರ ತಕರಾರು ಹಸಿರು ನ್ಯಾಯಮಂಡಳಿಯವರೆಗೂ ಹೋಗಿತ್ತು. 2017ರಲ್ಲಿ ಅಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು, ಮತ್ತೆ 2024ರಲ್ಲಿ ಎರಡು ಸಲ, ಇಸ್ರೋದ ಮರುಬಳಕೆಯ ಬಾಹ್ಯಾಕಾಶ ವಾಹನ ತಾನಾಗಿಯೇ ಅಲ್ಲಿಯ ರನ್‌ವೇಯಲ್ಲಿ ಇಳಿಯಿತು. ನಮ್ಮ ಮಕ್ಕಳು ಮೊಬೈಲಿನಲ್ಲಿ ಅದನ್ನು ನೋಡಿ ಕುಣಿದರು, ನಮಗೂ ಹೆಮ್ಮೆಯಾಯಿತು. ಆ ಕಾವಲಿಗೂ ರಾಷ್ಟ್ರಶಕ್ತಿಗೂ ನಂಟು ಹೊಸದಲ್ಲ. ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆಯುತ್ತಿದ್ದ ಅಮೃತ ಮಹಲ್ ಎತ್ತುಗಳು ಇಂಥ ಕಾವಲುಗಳ ಹುಲ್ಲು ಮೇದವು. ಮೈಸೂರಿನ ಸೈನ್ಯದ ವೇಗವನ್ನು ಕಂಡು ಬೆರಗಾದ ಇಂಗ್ಲಿಷರು 1799ರ ನಂತರ ಆ ತಳಿಯನ್ನೇ ತಮ್ಮ ಕೈಗೆ ತೆಗೆದುಕೊಂಡರು. ಅಂದಿನ ಸುಲ್ತಾನರು ಒಂದನ್ನು ಬಲ್ಲವರಾಗಿದ್ದರು: ಫಿರಂಗಿ ಎಷ್ಟು ದೊಡ್ಡದಿದ್ದರೂ ಅದನ್ನು ಎಳೆಯುವ ಎತ್ತಿಗೆ ಮೇವು ಬೇಕು.

ಇಂದಿನ ದೇಶಕ್ಕೂ ಈ ಮಾತು ಅನ್ವಯಿಸುತ್ತದೆ. ಬಾಹ್ಯಾಕಾಶದ ವಾಹನವನ್ನು ಚಳ್ಳಕೆರೆಯ ಬಯಲಿನಲ್ಲಿ ನಯವಾಗಿ ಇಳಿಸಬಲ್ಲ ದೇಶ, ಅದೇ ಬಯಲಿನ ಶೇಂಗಾದಿಂದ ತನ್ನ ಬೇಳೆಗೆ ಒಗ್ಗರಣೆ ಹಾಕಿಕೊಳ್ಳಲಾಗದೆ ಐದಾರು ದೇಶಗಳ ಮರ್ಜಿ ಕಾಯುತ್ತದೆ. 2025ರ ಆಗಸ್ಟ್‌ನಲ್ಲಿ, ರಷ್ಯಾದ ಪೆಟ್ರೋಲಿಯಂ ಕೊಂಡದ್ದಕ್ಕೆ ದಂಡವೂ ಸೇರಿ, ಅಮೆರಿಕ ನಮ್ಮ ಸರಕುಗಳ ಮೇಲೆ ಶೇ. 50ರ ಸುಂಕ ಹೇರಿತು. ಭಾರತ ನಮ್ಮ ಮೆಕ್ಕೆಜೋಳವನ್ನು ಏಕೆ ಕೊಳ್ಳುವುದಿಲ್ಲ ಎಂದು ಅಲ್ಲಿಯ ವಾಣಿಜ್ಯ ಸಚಿವರು ಬಹಿರಂಗವಾಗಿಯೇ ಕೇಳಿದರು. ನಮ್ಮ ಚಿಕ್ಕ ತಮ್ಮ ಶೇಂಗಾ ಬಿಟ್ಟು ಮೆಕ್ಕೆಜೋಳ ಹಾಕೋಣ ಎನ್ನುತ್ತಿದ್ದ. ಆದರೆ ಆ ನವೆಂಬರಿನಲ್ಲಿ ಮೆಕ್ಕೆಜೋಳದ ಬೆಲೆ ಬೆಂಬಲ ಬೆಲೆಯಾದ 2,400ಕ್ಕಿಂತ ಎಷ್ಟೋ ಕೆಳಗೆ ಕುಸಿದು ರಾಜ್ಯದ ರೈತರು ಬೀದಿಗಿಳಿದರು. ಒಂದು ಬೆಳೆಯಿಂದ ಓಡಿ ಇನ್ನೊಂದರ ನೆರಳಿಗೆ ಹೋದರೆ ಅಲ್ಲಿಯೂ ಅದೇ ಬಿಸಿಲು.

ನಮ್ಮ ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಎರಡು ಸಾವಿರ ವರ್ಷಗಳಿಗೂ ಹಿಂದೆ ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ರಾಜಾಜ್ಞೆ ಅದು. ಬಹಳ ದೂರದ ಅಧಿಕಾರವೊಂದು ಈ ಬಂಡೆಗಳ ನಾಡಿಗೂ ತನ್ನ ಮಾತನ್ನು ಮುಟ್ಟಿಸಿತ್ತು, ಅದೂ ಎಲ್ಲರಿಗೂ ಕಾಣುವಂತೆ, ಅಳಿಸದಂತೆ. ಇಂದಿನ ರಾಜಾಜ್ಞೆ ರಾತ್ರೋರಾತ್ರಿ ಹೊರಬಿದ್ದು ಮರುದಿನ ಬೆಳಗ್ಗೆಯಿಂದ ಜಾರಿಗೆ ಬರುವ ಅಧಿಸೂಚನೆ. ಅದು ಮುಂಬೈಯ ವ್ಯಾಪಾರಿಗೆ ಕ್ಷಣದಲ್ಲಿ ತಿಳಿಯುತ್ತದೆ, ಬಂದರಿನ ಕಂಪೆನಿಗೆ ಅದಕ್ಕೂ ಮೊದಲೇ ವಾಸನೆ ಬಡಿದಿರುತ್ತದೆ. ನಮಗೆ ತಿಳಿಯುವುದು ಕಾಯಿ ತುಂಬಿದ ಚೀಲ ಮಂಡಿಯಲ್ಲಿ ಇಳಿಸಿದ ಮೇಲೆ.

ಹಾಗಾದರೆ ಏನು ಮಾಡಬೇಕು? ಆಮದನ್ನು ಪೂರ್ತಿ ನಿಲ್ಲಿಸಿ ಎಂದು ನಾವು ಕೇಳುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಎಣ್ಣೆಬೀಜಗಳ ಹೊಸ ಮಿಷನ್‌ಗೆ 10,103 ಕೋಟಿ ರೂಪಾಯಿ ಮಂಜೂರು ಮಾಡಿದೆ. ಸಂತೋಷ. ಆದರೆ ಹಣಕ್ಕಿಂತ ಮೊದಲು ಬೇಕಾದದ್ದು ಮಾತಿನ ನಿಲುವು. ಬೆಂಬಲ ಬೆಲೆಗೂ ಸುಂಕಕ್ಕೂ ಒಂದು ಕಟ್ಟುಪಾಡು ಇರಲಿ: ಮಂಡಿಯ ಬೆಲೆ ಬೆಂಬಲ ಬೆಲೆಗಿಂತ ಕೆಳಗಿರುವಷ್ಟು ದಿನ ಸುಂಕ ಇಳಿಯದಿರಲಿ. ಖರೀದಿ ಕೇಂದ್ರ ಕಾಯಿ ಕೀಳುವ ವಾರದಲ್ಲಿ ತೆರೆಯಲಿ, ಕಾಯಿ ಮಾರಿ ಮುಗಿದ ತಿಂಗಳಲ್ಲಲ್ಲ. ನಮ್ಮ ಜಿಲ್ಲೆಯ ಹಾಸ್ಟೆಲು, ಅಂಗನವಾಡಿ, ಶಾಲೆಯ ಬಿಸಿಯೂಟಕ್ಕೆ ಚಳ್ಳಕೆರೆಯ ಮಿಲ್ಲಿನ ಶೇಂಗಾ ಎಣ್ಣೆಯನ್ನೇ ಕೊಳ್ಳಲಿ. ಬಡವರ ಮಕ್ಕಳಿಗೆ ಒಳ್ಳೆಯ ಎಣ್ಣೆಯೂ ಸಿಗುತ್ತದೆ, ಮಿಲ್ಲಿನ ಗಾಲಿಯೂ ತಿರುಗುತ್ತದೆ. ಎಂಬತ್ತು ವರ್ಷಕ್ಕೂ ಹಳೆಯ ಟಿಎಂವಿ-2 ತಳಿಯನ್ನೇ ಇಂದಿಗೂ ನೆಚ್ಚಿಕೊಂಡಿರುವ ಹೊಲಗಳಿಗೆ, ಮಳೆ ಕೈಕೊಟ್ಟರೂ ಸುರುಳಿ ಪೂಚಿ ಬಿದ್ದರೂ ತಾಳಿಕೊಳ್ಳುವ ಬೀಜ ಸಕಾಲಕ್ಕೆ ಸಿಗಲಿ.

ಸರಕಾರಕ್ಕೆ ಹೇಳಿದ್ದನ್ನು ನಮಗೂ ಹೇಳಿಕೊಳ್ಳಬೇಕು. ಈಗ ತಲೆಗೆ ವರ್ಷಕ್ಕೆ ಸುಮಾರು 19 ಕೆ.ಜಿ. ಎಣ್ಣೆ ತಿನ್ನುತ್ತಿದ್ದೇವೆ, ವೈದ್ಯರು ಹೇಳುವುದಕ್ಕಿಂತ ಬಹಳ ಹೆಚ್ಚು. ನಮ್ಮ ವಲೀಮಾಗಳ ದೇಗ್ಚಿಯ ಮೇಲೆ ತೇಲುವ ಎಣ್ಣೆಯನ್ನು ನೋಡಿದರೆ ಅರ್ಧ ಇಂಡೋನೇಷ್ಯಾ ಅಲ್ಲಿಯೇ ಕಾಣುತ್ತದೆ! ದಾದಿಯ ಅಡುಗೆಯಲ್ಲಿ ಎಣ್ಣೆ ಕಡಿಮೆಯಿತ್ತು, ರುಚಿ ಹೆಚ್ಚಿತ್ತು. ಕಡಿಮೆ ತಿಂದು, ಒಳ್ಳೆಯದನ್ನು ತಿಂದರೆ ಇನ್ನೂರು ರೂಪಾಯಿಯ ಎಣ್ಣೆಯೂ ಅಷ್ಟು ದುಬಾರಿಯಲ್ಲ.

ಈ ಮುಂಗಾರಿಗೆ ಏನು ಬಿತ್ತುವುದೆಂದು ಮೂವರೂ ಕೂತು ಮಾತಾಡಿದೆವು. ಚಿಕ್ಕ ತಮ್ಮ ಹೊಲ ಕೋರಿಗೆ ಕೊಟ್ಟು ಬೆಂಗಳೂರಿಗೆ ಹೋಗುತ್ತೇನೆಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನಮ್ಮಿಂದಾಗಲಿಲ್ಲ. ಮಳೆ ಕೈಹಿಡಿದರೆ ಎಕರೆಗೆ ಐದಾರು ಕ್ವಿಂಟಾಲ್, ಕೈಬಿಟ್ಟರೆ ಬಿತ್ತಿದ ಬೀಜವೂ ಇಲ್ಲ. ಇದರ ಮೇಲೆ ಮದುವೆಯಾಗಬೇಕಾದ ಹುಡುಗ ಯಾವ ಧೈರ್ಯದಿಂದ ನಿಲ್ಲುತ್ತಾನೆ? ಕೊನೆಗೆ ಇನ್ನೊಂದು ವರ್ಷ ನೋಡೋಣವೆಂದು ಒಪ್ಪಿದ. ನಾಲ್ಕು ಎಕರೆಗೆ ಶೇಂಗಾ, ನಡುವೆ ತೊಗರಿಯ ಅಕ್ಕಡಿ ಸಾಲು. ಎರಡು ಎಕರೆಗೆ ನವಣೆ, ಸಜ್ಜೆ. ಉಳಿದೊಂದು ಎಕರೆಯ ಶೇಂಗಾ ಮಾರುವುದಿಲ್ಲ, ಮನೆಗೆ ಎಣ್ಣೆ ಮಾಡಿಸುತ್ತೇವೆ.

ಮಳೆ ಅಲ್ಲಾಹನ ಕೈಯಲ್ಲಿದೆ, ಅದರ ಬಗ್ಗೆ ನಮಗೆ ತಕರಾರಿಲ್ಲ. ಸುಂಕ ಮನುಷ್ಯರ ಕೈಯಲ್ಲಿದೆ. ಮೈತ್ರಿಗಳು ಬದಲಾಗುತ್ತವೆ, ಬದಲಾಗಲಿ. ದೇಶಕ್ಕೆ ಅದು ಅನಿವಾರ್ಯ. ಬಿತ್ತುವ ದಿನ ಇದ್ದ ಸುಂಕ ಕಾಯಿ ಕೀಳುವ ದಿನವೂ ಇರುತ್ತದೆ ಎಂದು ಸರಕಾರ ಒಂದು ಮಾತು ಕೊಟ್ಟರೆ ಸಾಕು. ಮುಂದಿನ ವರ್ಷ ನಮ್ಮ ತಮ್ಮ ರಾಂಪುರದಲ್ಲಿ ಇರುತ್ತಾನೋ ಇಲ್ಲವೋ ಎಂಬುದು ಆ ಮಾತಿನ ಮೇಲೆ ನಿಂತಿದೆ.